ವರ್ಕ್‌ಶಾಪಿನ ಏರ್ ಗನ್: ತುದಿ ಮುಚ್ಚಿದರೂ ಅಪಾಯವಾಗದಂತೆ ವಾಲ್ವ್‌ಗಳನ್ನು ಹೊಂದಿಸುವುದು ಹೇಗೆ?

ಗ್ಯಾರೇಜು, ಲೇತ್ ವರ್ಕ್‌ಶಾಪು, ಪಂಚರ್ ಅಂಗಡಿ, ಮರಗೆಲಸದ ಶೆಡ್ಡು ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ‘ಏರ್ ಗನ್‌ಗೆ ಪ್ರೆಶರ್ ಎಷ್ಟಿಟ್ಟರೆ ಸೇಫ್?’ ಏರ್ ಗನ್ ಅಂದರೆ ಇಲ್ಲಿ ಕಂಪ್ರೆಸರಿನ ಗಾಳಿ ಊದಿ ಧೂಳು, ಚೂರು ತೆಗೆಯುವ ಗನ್. ಈ ಪ್ರಶ್ನೆಗೆ ಬರೀ ಒಂದು ಸಂಖ್ಯೆ ಹೇಳಿ ಮುಗಿಸಲು ಆಗುವುದಿಲ್ಲ. ಟ್ಯಾಂಕಿನ ಗೇಜ್ ಎಷ್ಟು ತೋರಿಸುತ್ತದೆ ಎನ್ನುವುದಕ್ಕಿಂತ, ಗನ್ನಿನ ತುದಿ ಯಾರದೋ ಅಂಗೈಗೋ ಬಟ್ಟೆಗೋ ಒತ್ತಿಕೊಂಡು ಮುಚ್ಚಿಹೋದಾಗ ಅಲ್ಲಿ ಎಷ್ಟು ಒತ್ತಡ ಏರುತ್ತದೆ ಎನ್ನುವುದು ಮುಖ್ಯ. ಆ ಒತ್ತಡವನ್ನು ಕೆಲಸಗಾರನ ಎಚ್ಚರಿಕೆಗೆ ಬಿಡಬಾರದು. ನಾಜಲ್ (ಗನ್ನಿನಿಂದ ಗಾಳಿ ಹೊರಬರುವ ಮೂತಿ) ಮತ್ತು ವಾಲ್ವ್‌ಗಳೇ ಅದನ್ನು ತಡೆಯುವಂತಿರಬೇಕು.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಸೆಂಟರ್ ಒಂದರಲ್ಲಿ ತಮಾಷೆಗೆಂದು ಗಾಳಿ ಪೈಪನ್ನು ದೇಹಕ್ಕೆ ಹಿಡಿದ ಪರಿಣಾಮ ಯುವಕನೊಬ್ಬ ಕರುಳಿಗೆ ಪೆಟ್ಟಾಗಿ ತೀರಿಕೊಂಡ. ಇಂಥ ಸುದ್ದಿ ಬಂದಾಗಲೆಲ್ಲ ‘ತಮಾಷೆ ಮಾಡಬೇಡಿ’ ಎಂಬ ಬೋರ್ಡು ಹಾಕುತ್ತೇವೆ. ಬೋರ್ಡು ಬೇಕು, ಸರಿ. ಆದರೆ ಅದೇ ಅಂಗಡಿಯಲ್ಲಿ ನೇರ ಪೈಪಿನ ಗನ್ನು ಎಂಟು ಕೆಜಿ ಪ್ರೆಶರಿನಲ್ಲಿ ನೇತಾಡುತ್ತಿದ್ದರೆ ಆ ಬೋರ್ಡಿನಿಂದ ಏನೂ ಆಗದು.

ಮೊದಲು ಮಾಪನದ ಲೆಕ್ಕ

ನಮ್ಮಲ್ಲಿ ‘ಎಂಟು ಕೆಜಿ’ ಅಂದರೆ ಚದರ ಸೆಂಟಿಮೀಟರಿಗೆ 8 ಕೆಜಿ. ಅದು ಸುಮಾರು 7.8 ಬಾರ್, ಅಥವಾ 114 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಅಳತೆ). 1 ಬಾರ್ ಅಂದರೆ 14.5 ಪಿಎಸ್‌ಐ. ಅಂಗಡಿ ಲೆಕ್ಕಕ್ಕೆ ಕೆಜಿ, ಬಾರ್ ಎರಡನ್ನೂ ಒಂದೇ ಎಂದುಕೊಂಡರೂ ನಡೆಯುತ್ತದೆ.

ಸ್ವಚ್ಛಗೊಳಿಸಲು ಬಳಸುವ ಗಾಳಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ‘ಓಶಾ’ ಹಾಕಿರುವ ಮಿತಿ 30 ಪಿಎಸ್‌ಐ, ಅಂದರೆ ಸುಮಾರು 2.1 ಬಾರ್. ಜೊತೆಗೆ ಚೂರುಗಳು ಸಿಡಿಯದಂತೆ ಅಡ್ಡವೂ ಕನ್ನಡಕವೂ ಇರಬೇಕು. ಈ 2.1 ಬಾರ್ ಲೈನಿನ ಒತ್ತಡ ಅಲ್ಲ, ತುದಿ ಪೂರ್ತಿ ಮುಚ್ಚಿದಾಗ ಅಲ್ಲಿ ನಿಲ್ಲುವ ಒತ್ತಡ. ಲೈನಿನಲ್ಲಿ 6 ಬಾರ್ ಇದ್ದರೂ ಮುಚ್ಚಿದ ತುದಿಯಲ್ಲಿ 2 ಬಾರ್ ದಾಟದಂತೆ ಮಾಡಬಹುದು. ಬೇರೆ ಬೇರೆ ದೇಶಗಳಲ್ಲಿ ಸುರಕ್ಷಿತ ಗನ್‌ಗಳನ್ನು ತಯಾರಿಸುವವರೂ ಈ ಅಳತೆಯನ್ನೇ ಇಟ್ಟುಕೊಂಡಿರುತ್ತಾರೆ. ನೀವೂ ಇದನ್ನೇ ಗುರಿಯಾಗಿಟ್ಟುಕೊಳ್ಳಿ.

ಬೇಕಾಗುವ ಸಾಮಾನು

0ಯಿಂದ 10 ಬಾರ್ ತೋರಿಸುವ, ಕಾಲಿಂಚು ಥ್ರೆಡ್ಡಿನ ಒಂದು ಪ್ರೆಶರ್ ಗೇಜ್, ಅದರ ಬಾಯಿಗೂ ಗನ್ನಿನ ತುದಿಗೂ ಬಿಗಿಯಾಗಿ ಕೂರುವ, ದಪ್ಪ ಗೋಡೆಯ ಒಂದು ಗೇಣು ರಬ್ಬರ್ ಹೋಸ್, ಎರಡು ಹೋಸ್ ಕ್ಲಿಪ್, ಸೋಪಿನ ನೀರು, ಬ್ರಷ್, ಟೆಫ್ಲಾನ್ ಟೇಪ್, ಸ್ಪ್ಯಾನರ್‌ಗಳು. ಕಣ್ಣಿನ ಪಕ್ಕಗಳೂ ಮುಚ್ಚುವ ಕನ್ನಡಕ ಮತ್ತು ಕಿವಿಗೆ ಮಫ್ ಇಲ್ಲದೆ ಶುರು ಮಾಡಬೇಡಿ. ನೇರ ನಾಜಲ್‌ನ ಗನ್ನು 90 ಡೆಸಿಬೆಲ್ ದಾಟುವುದು ಸಾಮಾನ್ಯ. ನಮ್ಮ ಕಾರ್ಖಾನೆ ನಿಯಮಗಳ ಪ್ರಕಾರ 90 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಸದ್ದು 100 ಆದರೆ ಆ ಅವಧಿ 2 ಗಂಟೆಗೆ ಇಳಿಯುತ್ತದೆ.

1. ಲೈನ್ ಖಾಲಿ ಮಾಡಿ

ಕಂಪ್ರೆಸರ್ ಆಫ್ ಮಾಡಿ, ಟ್ಯಾಂಕಿನ ಹೊರ ವಾಲ್ವ್ ಮುಚ್ಚಿ, ಗನ್ನಿನ ಟ್ರಿಗರ್ ಒತ್ತಿ ಹಿಡಿದು ಹೋಸಿನಲ್ಲಿರುವ ಗಾಳಿಯನ್ನೆಲ್ಲ ಬಿಡಿ. ಗೇಜ್ ಸೊನ್ನೆಗೆ ಬಂದ ಮೇಲೂ ಇನ್ನೊಮ್ಮೆ ಟ್ರಿಗರ್ ಒತ್ತಿ ನೋಡಿ. ಹತ್ತು ಮೀಟರ್ ಹೋಸಿನೊಳಗೆ ಸಿಕ್ಕಿಕೊಂಡ ಗಾಳಿಗೂ ಬಿಚ್ಚಿದ ಫಿಟಿಂಗನ್ನು ಮುಖಕ್ಕೆ ಹೊಡೆಯುವಷ್ಟು ಶಕ್ತಿ ಇರುತ್ತದೆ.

ಈಗ ಲೈನಿನ ಒಂದು ಚಿತ್ರ ಬರೆದುಕೊಳ್ಳಿ: ಟ್ಯಾಂಕು, ಸೇಫ್ಟಿ ವಾಲ್ವ್, ಬಾಲ್ ವಾಲ್ವ್, ಫಿಲ್ಟರ್, ರೆಗ್ಯುಲೇಟರ್ (ಲೈನಿನ ಒತ್ತಡವನ್ನು ಬೇಕಾದಷ್ಟಕ್ಕೆ ಇಳಿಸಿಡುವ ಸಾಧನ), ಕಪ್ಲಿಂಗ್, ಹೋಸ್, ಗನ್. ಯಾವುದು ಇಲ್ಲ ಎನ್ನುವುದು ಅಲ್ಲೇ ಕಾಣುತ್ತದೆ. ಗೋಡೆಯ ಮೇಲಿನ ಲೈನು ನೀರಿನ ಪಿವಿಸಿ ಪೈಪಿನದ್ದಾಗಿದ್ದರೆ ಉಳಿದ ಕೆಲಸ ಪಕ್ಕಕ್ಕಿಟ್ಟು ಅದನ್ನು ಮೊದಲು ತೆಗೆಸಿ. ಗಾಳಿ ಒತ್ತಡದಲ್ಲಿ ಪಿವಿಸಿ ಸೀಳುವುದಿಲ್ಲ, ಚೂಪು ಚೂರುಗಳಾಗಿ ಸಿಡಿಯುತ್ತದೆ. ಕಂಪ್ರೆಸರಿನ ಬಿಸಿ ಮತ್ತು ಎಣ್ಣೆಗೆ ಅದು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಪೆಡಸಾಗುತ್ತದೆ. ಜಿಐ, ಅಲ್ಯೂಮಿನಿಯಂ ಅಥವಾ ಗಾಳಿಗೆಂದೇ ತಯಾರಿಸಿದ ಪೈಪ್ ಹಾಕಿಸಿ.

2. ನಾಜಲ್: ಹೆಚ್ಚು ಯೋಚನೆ ಇಲ್ಲಿರಲಿ

ನೇರ ಪೈಪಿನ ನಾಜಲ್‌ನಲ್ಲಿ ಗಾಳಿ ಹೊರಗೆ ಹರಿಯುತ್ತಿರುವಾಗ ತುದಿಯ ಒತ್ತಡ ಕಡಿಮೆಯೇ ಇರುತ್ತದೆ. ಕೈಯಿಂದ ಮುಚ್ಚಿದಿರೋ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನಿನ ಒತ್ತಡ ಪೂರ್ತಿಯಾಗಿ ತುದಿಗೆ ಬಂದು ನಿಲ್ಲುತ್ತದೆ. ಚರ್ಮದ ಮೇಲೆ ಸಣ್ಣ ಗಾಯವಿದ್ದರೆ ಅಲ್ಲಿಂದ ಗಾಳಿ ಒಳನುಗ್ಗಬಹುದು.

ಸುರಕ್ಷಿತ ನಾಜಲ್‌ನಲ್ಲಿ ಎರಡು ಅಂಶಗಳಿರುತ್ತವೆ. ಒಳಗೆ ಗಾಳಿಯನ್ನು ತಡೆದು ಬಿಡುವ ಒಂದು ಕಿರಿದಾದ ಗಂಟಲು. ಗಂಟಲಿಗೂ ತುದಿಗೂ ನಡುವೆ ಪಕ್ಕಕ್ಕೆ ತೆರೆದ ತೂತುಗಳು. ತುದಿ ಮುಚ್ಚಿದರೆ ಗಾಳಿ ಪಕ್ಕದಿಂದ ಹೊರಗೆ ಹೋಗುತ್ತದೆ. ಗಂಟಲು ಕಿರಿದಾದ್ದರಿಂದ ಹಿಂದಿನಿಂದ ಅಷ್ಟೇ ವೇಗವಾಗಿ ತುಂಬಲು ಆಗುವುದಿಲ್ಲ.

ಎಷ್ಟು ತೂತು ಬೇಕು? ಲೆಕ್ಕ ಸುಲಭ. ಗೇಜ್ ಒತ್ತಡಕ್ಕೆ ವಾತಾವರಣದ 1 ಬಾರ್ ಸೇರಿಸಿ. ಲೈನ್ 6 ಬಾರ್ ಇದ್ದರೆ 7. ತುದಿಯಲ್ಲಿ 2.1ರ ಮಿತಿ ಬೇಕಾದರೆ 3.1. ಇಂಥ ಒತ್ತಡಗಳಲ್ಲಿ ಸಣ್ಣ ತೂತಿನ ಮೂಲಕ ಗಾಳಿ ಶಬ್ದದ ವೇಗ ಮುಟ್ಟಿ ಅಲ್ಲೇ ಸೀಮಿತವಾಗುತ್ತದೆ. ಹಾಗಾಗಿ ಎಷ್ಟು ಗಾಳಿ ಹಾಯುತ್ತದೆ ಎನ್ನುವುದು ತೂತಿನ ವಿಸ್ತೀರ್ಣವನ್ನೂ ಅದರ ಹಿಂದಿನ ಒತ್ತಡವನ್ನೂ ಗುಣಿಸಿದಷ್ಟು. 7ನ್ನು 3.1ರಿಂದ ಭಾಗಿಸಿದರೆ ಸುಮಾರು 2.3. ಪಕ್ಕದ ತೂತುಗಳ ಒಟ್ಟು ವಿಸ್ತೀರ್ಣ ಗಂಟಲಿನ 2.3 ಪಟ್ಟಾದರೂ ಇರಬೇಕು. ಲೈನ್ 8 ಬಾರ್ ಆದರೆ ಸುಮಾರು 2.9 ಪಟ್ಟು. ಡ್ರಿಲ್ ಮಾಡಿದ ತೂತಿನಲ್ಲಿ ಗಾಳಿ ಲೆಕ್ಕಕ್ಕಿಂತ ಕಡಿಮೆ ಹೋಗುತ್ತದೆ, ಅಂಚಿನಲ್ಲಿ ಬರ್ (ಕೊರೆದಾಗ ಏಳುವ ಲೋಹದ ಒರಟು ಸಿಬಿರು) ಉಳಿದರೆ ಇನ್ನೂ ಕಡಿಮೆ. ಆದ್ದರಿಂದ 3.5ರಿಂದ 4 ಪಟ್ಟು ಇರಲಿ. ಉದಾಹರಣೆಗೆ ಗಂಟಲು 2 ಮಿ.ಮೀ. ಇದ್ದರೆ ವಿಸ್ತೀರ್ಣ 3.14 ಚದರ ಮಿ.ಮೀ.; ಪಕ್ಕದಲ್ಲಿ 2 ಮಿ.ಮೀ.ನ ನಾಲ್ಕು ತೂತುಗಳಿದ್ದರೆ 12.6, ಸರಿಯಾಗಿ ನಾಲ್ಕು ಪಟ್ಟು. 6 ಬಾರ್ ಲೈನಿನಲ್ಲಿ ಮುಚ್ಚಿದ ತುದಿಯ ಒತ್ತಡ ಕಾಗದದ ಮೇಲೆ ಮುಕ್ಕಾಲು ಬಾರಿನ ಆಸುಪಾಸಿಗೆ ಇಳಿಯುತ್ತದೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಅಂಗಡಿಯಲ್ಲಿರುವ 4 ಮಿ.ಮೀ. ನೇರ ಪೈಪಿಗೇ ಪಕ್ಕದಲ್ಲಿ ಎರಡು ತೂತು ಕೊರೆದು ‘ಸೇಫ್ಟಿ ಮಾಡಿದೆವು’ ಅನ್ನುತ್ತಾರೆ. ಗಂಟಲೇ ಇಲ್ಲದಿದ್ದರೆ ಗಾಳಿ ಬಂದಷ್ಟೂ ಬರುತ್ತದೆ, ಒತ್ತಡ ಇಳಿಯುವುದು ಅಲ್ಪ. ಎರಡನೇ ತಪ್ಪು, ತೂತುಗಳನ್ನೆಲ್ಲ ಒಂದೇ ಕಡೆ, ತುದಿಗೆ ತೀರಾ ಹತ್ತಿರ ಕೊರೆಯುವುದು. ಬಟ್ಟೆಯ ಒಂದೇ ಮಡಿಕೆಗೆ ಎಲ್ಲ ಮುಚ್ಚಿಹೋಗುತ್ತವೆ. ಸುತ್ತಲೂ ಹರಡಿರಲಿ, ಸಾಧ್ಯವಾದರೆ ಮೇಲ್ಮೈಯಿಂದ ಸ್ವಲ್ಪ ಒಳಗಿರುವ ಗ್ರೂವ್‌ನಲ್ಲಿ (ಸುತ್ತ ಕೊರೆದ ತೋಡಿನಲ್ಲಿ) ಇರಲಿ. ಮೂರನೆಯದು, ಪಕ್ಕದಿಂದ ‘ಗಾಳಿ ವೇಸ್ಟ್ ಆಗುತ್ತೆ’ ಎಂದು ಆ ತೂತುಗಳಿಗೆ ಇನ್ಸುಲೇಶನ್ ಟೇಪ್ ಸುತ್ತುವುದು. ಅಂಥ ಗನ್ನು ನೇರ ಪೈಪಿನ ಗನ್ನಿಗಿಂತ ಕೆಟ್ಟದ್ದು, ಏಕೆಂದರೆ ನೋಡಿದವರಿಗೆ ಅದು ಸೇಫ್ಟಿ ಗನ್ನಿನಂತೆಯೇ ಕಾಣುತ್ತದೆ.

ಸಾಧ್ಯವಿದ್ದರೆ ತಯಾರಕರು ಮುಚ್ಚಿದ ತುದಿಯ ಒತ್ತಡವನ್ನು ಬರೆದುಕೊಟ್ಟಿರುವ ನಾಜಲ್ ಖರೀದಿಸಿ. ಕೊಂಡದ್ದಾಗಲಿ, ಲೇತಿನಲ್ಲಿ ಮಾಡಿಸಿದ್ದಾಗಲಿ, ಮುಂದಿನ ಪರೀಕ್ಷೆ ತಪ್ಪಿಸಬೇಡಿ.

3. ತುದಿ ಮುಚ್ಚಿ ಅಳೆಯಿರಿ

ರಬ್ಬರ್ ಹೋಸಿನ ಒಂದು ಬದಿಯನ್ನು ಗೇಜಿಗೆ ಕ್ಲಿಪ್ ಹಾಕಿ ಬಿಗಿ ಮಾಡಿ, ಇನ್ನೊಂದು ಬದಿಯನ್ನು ನಾಜಲ್ ತುದಿಗೆ ಏರಿಸಿ. ಪಕ್ಕದ ತೂತುಗಳು ಮುಚ್ಚದಂತೆ ನೋಡಿಕೊಳ್ಳಿ. ತುದಿ ಗಿಡ್ಡವಾಗಿದ್ದು ಹೋಸ್ ಕೂರದಿದ್ದರೆ, ದಪ್ಪ ರಬ್ಬರ್ ವಾಷರ್ ಕೂರಿಸಿದ ಗೇಜನ್ನು ವೈಸ್‌ನಲ್ಲಿ ಹಿಡಿಸಿ ಗನ್ನನ್ನೇ ಅದಕ್ಕೆ ಒತ್ತಿ. ಕೈಬೆರಳಿನಿಂದ ಮುಚ್ಚಿ ‘ಅಂದಾಜು’ ನೋಡುವ ಅಭ್ಯಾಸ ಬಿಟ್ಟುಬಿಡಿ.

ಈಗ ಕಂಪ್ರೆಸರ್ ಮತ್ತೆ ಶುರು ಮಾಡಿ, ಟ್ಯಾಂಕಿನ ವಾಲ್ವ್ ತೆರೆದು, ರೆಗ್ಯುಲೇಟರನ್ನು 2 ಬಾರಿಗೆ ಇಟ್ಟು ಟ್ರಿಗರ್ ಪೂರ್ತಿ ಒತ್ತಿ, ಗೇಜ್ ಬರೆದುಕೊಳ್ಳಿ. ಹೀಗೆ 1 ಬಾರ್, 1 ಬಾರ್ ಏರಿಸುತ್ತ ನೀವು ಕೆಲಸಕ್ಕೆ ಬಳಸುವ ಒತ್ತಡದವರೆಗೆ ಹೋಗಿ. ಯಾವ ಹಂತದಲ್ಲಿ ಗೇಜ್ 2.1 ಮುಟ್ಟುತ್ತದೋ ಅದಕ್ಕಿಂತ ಅರ್ಧ ಬಾರ್ ಕೆಳಗಿನದು ಆ ಗನ್ನಿನ ಗರಿಷ್ಠ ಲೈನ್ ಒತ್ತಡ. ಅದನ್ನು ಗನ್ನಿನ ಹಿಡಿಯ ಮೇಲೆ ಪೇಂಟಿನಲ್ಲಿ ಬರೆಯಿರಿ. ನೇರ ಪೈಪಿನ ಗನ್ನಿಗೆ ಈ ಪರೀಕ್ಷೆ ಮಾಡಿದರೆ ರೆಗ್ಯುಲೇಟರಿನ ಸಂಖ್ಯೆಯೇ ಇಲ್ಲೂ ಬರುತ್ತದೆ. ಅಂದರೆ ಅದನ್ನು 2 ಬಾರಿಗಿಂತ ಮೇಲೆ ಬಳಸುವ ಹಾಗೇ ಇಲ್ಲ.

‘2 ಬಾರಿಗೆ ಇಳಿಸಿದರೆ ಸ್ವಾರ್ಫ್ (ಲೋಹದ ಚೂರು) ಹಾರುವುದೇ ಇಲ್ಲ’ ಎನ್ನುವ ದೂರು ನಿಜ. ಅದಕ್ಕೇ ಕೆಲಸಗಾರರು ಮೇಸ್ತ್ರಿ ಅತ್ತ ಹೋದ ತಕ್ಷಣ ನಾಬ್ ತಿರುಗಿಸುತ್ತಾರೆ. ಬರೀ ರೆಗ್ಯುಲೇಟರ್ ಇಳಿಸಿ ಕೂರುವ ಉಪಾಯ ಬಹಳ ದಿನ ಬಾಳುವುದಿಲ್ಲ ಎನ್ನುವುದು ಈ ಕಾರಣಕ್ಕೆ. ಗಂಟಲು ಮತ್ತು ಪಕ್ಕದ ತೂತುಗಳ ನಾಜಲ್ ಇದ್ದರೆ 5–6 ಬಾರ್ ಲೈನಿನಲ್ಲೂ ಕೆಲಸ ಸಾಗುತ್ತದೆ, ಅಪಾಯವೂ ಇಳಿಯುತ್ತದೆ.

4. ಟ್ರಿಗರ್ ವಾಲ್ವ್

ಮೊದಲ ಹಂತದಂತೆ ಲೈನನ್ನು ಮತ್ತೆ ಖಾಲಿ ಮಾಡಿ. ಆಮೇಲೆ ಗನ್ನಿನ ಹಿಂದಿನ ಷಟ್ಕೋನ ಪ್ಲಗ್ ಬಿಚ್ಚಿದರೆ ಸ್ಪ್ರಿಂಗು, ಅದರ ಹಿಂದೆ ರಬ್ಬರ್ ತಲೆಯ ಒಂದು ಸಣ್ಣ ಪಿನ್, ಒಂದೋ ಎರಡೋ ಓ-ರಿಂಗ್ ಹೊರಬರುತ್ತವೆ. ಆ ಪಿನ್ನೇ ಪಾಪೆಟ್, ಅಂದರೆ ಸೀಟಿನ ಮೇಲೆ ಕೂತು ಗಾಳಿ ತಡೆಯುವ ಬಿರಡೆ. ರಬ್ಬರ್ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಸೀಟು ಕೂತ ಜಾಗದಲ್ಲಿ ತೆಳುವಾದ, ಸಮವಾದ ಉಂಗುರದ ಗುರುತಿದ್ದರೆ ಸರಿ. ಆ ಉಂಗುರ ಒಂದು ಕಡೆ ಆಳವಾಗಿದ್ದರೆ, ಅಥವಾ ಅಡ್ಡಲಾಗಿ ಮಿನುಗುವ ಲೋಹದ ಚೂರು ಕಚ್ಚಿಕೊಂಡಿದ್ದರೆ, ಗನ್ನು ಬಿಟ್ಟ ಮೇಲೂ ‘ಸುಯ್’ ಎನ್ನಲು ಅದೇ ಕಾರಣ.

ಇಲ್ಲಿ ನೋಡಬೇಕಾದ ಮುಖ್ಯ ಸಂಗತಿ ದಿಕ್ಕು. ಒಳ್ಳೆಯ ಗನ್ನಿನಲ್ಲಿ ಲೈನಿನ ಗಾಳಿ ಪಾಪೆಟ್ಟನ್ನು ಸೀಟಿನ ಕಡೆಗೆ ಒತ್ತುತ್ತಿರುತ್ತದೆ. ಸ್ಪ್ರಿಂಗ್ ಮುರಿದರೂ ಗಾಳಿಯೇ ಅದನ್ನು ಮುಚ್ಚಿಡುತ್ತದೆ. ಕೆಲವು ಅಗ್ಗದ ಗನ್‌ಗಳಲ್ಲಿ ಗಾಳಿ ಸ್ಪ್ರಿಂಗಿನ ಎದುರಿಗೆ ತಳ್ಳುತ್ತದೆ; ಸ್ಪ್ರಿಂಗ್ ಸೋತ ದಿನ ಗನ್ನು ತಾನಾಗಿಯೇ ತೆರೆದುಕೊಳ್ಳುತ್ತದೆ. ಪಾಪೆಟ್ ಗಾಳಿ ಬರುವ ಬದಿಯಲ್ಲಿದೆಯೋ ಹೋಗುವ ಬದಿಯಲ್ಲಿದೆಯೋ ನೋಡಿದರೆ ಇದು ತಿಳಿಯುತ್ತದೆ. ಹೋಗುವ ಬದಿಯಲ್ಲಿದ್ದರೆ ಆ ಗನ್ನನ್ನು ಬದಲಿಸಿ. ರಿಪೇರಿಗೆ ಹಣ ಹಾಕಬೇಡಿ.

ಓ-ರಿಂಗ್ ಬದಲಿಸುವಾಗ ನೈಟ್ರೈಲ್ ರಬ್ಬರಿನದ್ದೇ ಕೇಳಿ. ನೀರಿನ ಫಿಟಿಂಗ್‌ಗೆ ಬರುವ ಇಪಿಡಿಎಂ ರಬ್ಬರ್ ನೋಡಲು ಹಾಗೇ ಕಪ್ಪಗಿರುತ್ತದೆ. ಆದರೆ ಪಿಸ್ಟನ್ ಕಂಪ್ರೆಸರಿನಿಂದ ಬರುವ ಎಣ್ಣೆಯ ಆವಿಗೆ ಅದು ಉಬ್ಬುತ್ತದೆ. ಉಬ್ಬಿದ ರಿಂಗ್ ಪಿನ್ನನ್ನು ಹಿಡಿದಿಟ್ಟು, ಟ್ರಿಗರ್ ಬಿಟ್ಟರೂ ಗಾಳಿ ನಿಲ್ಲದಂತೆ ಮಾಡುತ್ತದೆ. ಟೆಫ್ಲಾನ್ ಟೇಪ್ ಸುತ್ತುವಾಗ ತುದಿಯ ಮೊದಲ ಥ್ರೆಡ್ ಬಿಟ್ಟು ಸುತ್ತಿ. ಹರಿದ ಎಳೆಗಳು ಒಳಗೆ ಹೋಗಿ ಸೀಟಿನ ಮೇಲೆ ಕೂರುತ್ತವೆ.

ಟ್ರಿಗರಿಗೆ ಲಾಕ್ ಇರಬಾರದು. ಬೆರಳು ತೆಗೆದ ಕೂಡಲೇ ಗಾಳಿ ನಿಲ್ಲಬೇಕು. ಕೇಬಲ್ ಟೈ ಅಥವಾ ತಂತಿ ಸುತ್ತಿ ಟ್ರಿಗರನ್ನು ಒತ್ತಿಟ್ಟ ಗನ್ನು ಕಂಡರೆ ಅದನ್ನು ಆ ಕ್ಷಣವೇ ಬಿಚ್ಚಿಸಿ. ಸತತವಾಗಿ ಗಾಳಿ ಬೇಕಾದ ಕೆಲಸಕ್ಕೆ ಸ್ಟ್ಯಾಂಡಿನ ಮೇಲೆ ಕೂರಿಸಿದ ನಾಜಲ್, ಕಾಲಿನಲ್ಲಿ ಒತ್ತುವ ವಾಲ್ವ್ ಹಾಕಿಸಿ.

5. ರೆಗ್ಯುಲೇಟರ್

ರೆಗ್ಯುಲೇಟರ್‌ಗಳಲ್ಲಿ ಎರಡು ಬಗೆ. ನಾಬ್ ಇಳಿಸಿದಾಗ ಮುಂದಿನ ಲೈನಿನ ಹೆಚ್ಚುವರಿ ಗಾಳಿಯನ್ನು ತಾನೇ ಹೊರಗೆ ಬಿಡುವುದು ‘ರಿಲೀವಿಂಗ್’. ಬಿಡದೆ ಹಿಡಿದಿಟ್ಟುಕೊಳ್ಳುವುದು ‘ನಾನ್-ರಿಲೀವಿಂಗ್’. ನಿಮಗೆ ಬೇಕಾದದ್ದು ಮೊದಲನೆಯದು. ಪರೀಕ್ಷೆ ಇಷ್ಟೇ: 5 ಬಾರಿಗೆ ಇಟ್ಟು, ಟ್ರಿಗರ್ ಮುಟ್ಟದೆ ನಾಬನ್ನು 3ಕ್ಕೆ ಇಳಿಸಿ. ಸಣ್ಣ ಸದ್ದಿನೊಂದಿಗೆ ಗೇಜ್ ಇಳಿದರೆ ಅದು ರಿಲೀವಿಂಗ್.

ಇನ್ನೊಂದು ದೋಷ ಮೆಲ್ಲಗೆ ಬರುತ್ತದೆ. ರೆಗ್ಯುಲೇಟರಿನ ಸೀಟಿಗೆ ತುಕ್ಕಿನ ಪುಡಿ ಸೇರಿದರೆ, ಗನ್ನು ಬಳಸದೆ ಬಿಟ್ಟ ಹೊತ್ತಿನಲ್ಲಿ ಮುಂದಿನ ಲೈನಿನ ಒತ್ತಡ ತಾನಾಗಿ ಏರುತ್ತ ಹೋಗುತ್ತದೆ. 5 ಬಾರಿಗೆ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಗೇಜ್ ಮೇಲೆ ಹೋಗಿದ್ದರೆ ಸೀಟು ಶುದ್ಧ ಮಾಡಬೇಕು ಅಥವಾ ರೆಗ್ಯುಲೇಟರ್ ಬದಲಿಸಬೇಕು. ಹಿಂದೆ ಫಿಲ್ಟರ್ ಇಲ್ಲದಿದ್ದರೆ ಈ ತೊಂದರೆ ಮರುಕಳಿಸುತ್ತದೆ. ಇಟ್ಟ ಒತ್ತಡಕ್ಕಿಂತ 1 ಬಾರ್ ಮೇಲೆ ತೆರೆಯುವ ಪುಟ್ಟ ರಿಲೀಫ್ ವಾಲ್ವನ್ನು ರೆಗ್ಯುಲೇಟರಿನ ಮುಂದೆ ಹಾಕಿಸಿದರೆ ಇನ್ನೂ ಒಳ್ಳೆಯದು.

ಫಿಲ್ಟರಿನ ಪಾರದರ್ಶಕ ಬಟ್ಟಲು ಪಾಲಿಕಾರ್ಬೊನೇಟ್ ಆಗಿದ್ದರೆ ಅದನ್ನು ಥಿನ್ನರ್, ಪೆಟ್ರೋಲಿನಿಂದ ಒರೆಸಬೇಡಿ. ಕಣ್ಣಿಗೆ ಕಾಣದ ಬಿರುಕು ಬಿದ್ದು ಒತ್ತಡದಲ್ಲಿ ಸಿಡಿಯುತ್ತದೆ. ಸೋಪಿನ ನೀರು ಸಾಕು. ಸುತ್ತ ಲೋಹದ ಕವಚವಿರುವುದನ್ನೇ ಕೊಳ್ಳಿ.

6. ಗಾಳಿ ಬಿಡುವ ಬಾಲ್ ವಾಲ್ವ್ ಮತ್ತು ಕಪ್ಲಿಂಗ್

ಸಾಮಾನ್ಯ ಬಾಲ್ ವಾಲ್ವ್ ಮುಚ್ಚಿದರೆ ಮುಂದಿನ ಹೋಸಿನಲ್ಲಿ ಗಾಳಿ ಸಿಕ್ಕಿಕೊಂಡೇ ಇರುತ್ತದೆ. ಪಕ್ಕದಲ್ಲಿ ಪುಟ್ಟ ತೂತಿರುವ ವೆಂಟ್ ಬಾಲ್ ವಾಲ್ವ್ ಹಾಕಿದರೆ ಮುಚ್ಚಿದ ಕೂಡಲೇ ಹೋಸಿನ ಗಾಳಿ ಆ ತೂತಿನಿಂದ ಹೊರಗೆ ಹೋಗುತ್ತದೆ. ಮೈಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೇ ಇರಲಿ. ತಿರುಗಾಮುರುಗಾ ಹಾಕಿದರೆ ಮುಚ್ಚಿದಾಗ ಟ್ಯಾಂಕಿನ ಗಾಳಿಯೇ ಸೋರಲು ಶುರುವಾಗುತ್ತದೆ, ಹೋಸು ಮಾತ್ರ ತುಂಬಿಕೊಂಡೇ ಇರುತ್ತದೆ.

ಕ್ವಿಕ್ ಕಪ್ಲಿಂಗಿನಲ್ಲಿ ತಾನಾಗಿ ಮುಚ್ಚಿಕೊಳ್ಳುವ ಸಾಕೆಟ್ ಯಾವಾಗಲೂ ಗಾಳಿ ಬರುವ ಕಡೆ, ಬರೀ ಕೊಳವೆಯಂತಿರುವ ಪ್ಲಗ್ ಗನ್ನಿನ ಕಡೆ. ಉಲ್ಟಾ ಹಾಕಿದವರು ಬಿಚ್ಚಿದ ಕೂಡಲೇ ಹೋಸು ಹೆಡೆಯೆತ್ತಿದ ಹಾವಿನಂತೆ ಬೀಸುತ್ತದೆ. ಬೇರೆ ಬೇರೆ ಅಳತೆಯ ಪ್ಲಗ್, ಸಾಕೆಟ್ ಸೇರಿಸಬೇಡಿ. ಕೂತಂತೆ ಕಂಡರೂ ಒಳಗಿನ ಗುಂಡುಗಳು ಗ್ರೂವ್‌ನಲ್ಲಿ ಪೂರ್ತಿ ಕೂತಿರುವುದಿಲ್ಲ. ಮೊದಲ ಹಂತದಲ್ಲಿ ಗಾಳಿ ಬಿಟ್ಟು, ಎರಡನೆಯದರಲ್ಲಿ ಬಿಚ್ಚಿಕೊಳ್ಳುವ ಸೇಫ್ಟಿ ಕಪ್ಲಿಂಗ್ ಸ್ವಲ್ಪ ದುಬಾರಿ, ಆದರೆ ದಿನಕ್ಕೆ ಹತ್ತಾರು ಬಾರಿ ಟೂಲ್ ಬದಲಿಸುವ ಕಡೆ ಅದೇ ಸರಿ.

7. ಹೋಸ್ ಹರಿದರೆ ಮುಚ್ಚಿಕೊಳ್ಳುವ ಫ್ಯೂಸ್

ಏರ್ ಫ್ಯೂಸ್ ಎಂದರೆ ಹರಿವು ಒಂದು ಮಿತಿ ದಾಟಿದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್. ಅರ್ಧ ಇಂಚಿಗಿಂತ ದೊಡ್ಡ ಒಳವ್ಯಾಸದ ಹೋಸ್‌ಗಳಿಗೆ ಇಂಥ ಸಾಧನ ಇರಲೇಬೇಕೆಂದು ಅಮೆರಿಕದ ಕಟ್ಟಡ ಕಾಮಗಾರಿ ನಿಯಮ ಹೇಳುತ್ತದೆ. ಗಟ್ಟಿ ಪೈಪು ಮುಗಿದು ಹೋಸ್ ಶುರುವಾಗುವ ಜಾಗದಲ್ಲೇ ಇದನ್ನು ಹಾಕಬೇಕು. ಗನ್ನಿನ ಹತ್ತಿರ ಹಾಕಿದರೆ ನಡುವಿನ ಹೋಸ್ ಹರಿದಾಗ ಅದಕ್ಕೆ ಗೊತ್ತೇ ಆಗುವುದಿಲ್ಲ.

ಹೋಸು ತುಂಬಾ ಉದ್ದ, ತುಂಬಾ ಕಿರಿದು ಆಗಿದ್ದರೆ ತುದಿಯಲ್ಲಿ ಹರಿದರೂ ಫ್ಯೂಸ್ ಮುಚ್ಚುವಷ್ಟು ಗಾಳಿ ಹರಿಯುವುದಿಲ್ಲ. ಅದನ್ನು ತಿಳಿಯಲು ಹೋಸಿನ ತುದಿಗೆ ಬಾಲ್ ವಾಲ್ವ್ ಹಾಕಿ, ತುದಿಯನ್ನು ಬೆಂಚಿಗೆ ಭದ್ರವಾಗಿ ಕ್ಲ್ಯಾಂಪ್ ಮಾಡಿ, ವಾಲ್ವನ್ನು ಥಟ್ಟನೆ ಪೂರ್ತಿ ತೆರೆಯಿರಿ. ಗಾಳಿ ಕೂಡಲೇ ನಿಂತು ಸಣ್ಣ ಸೋರಿಕೆಯಷ್ಟೇ ಉಳಿದರೆ ಫ್ಯೂಸ್ ಸರಿ. ಆ ಸೋರಿಕೆ ದೋಷವಲ್ಲ, ಹೋಸ್ ಸರಿಮಾಡಿದ ಮೇಲೆ ವಾಲ್ವ್ ತಾನಾಗಿ ತೆರೆಯಲು ಬಿಟ್ಟಿರುವ ತೂತು. ಗಾಳಿ ಹಾಗೇ ಹೋಗುತ್ತಿದ್ದರೆ ಕಡಿಮೆ ಹರಿವಿನ ಫ್ಯೂಸ್ ಬೇಕು, ಅಥವಾ ಹೋಸ್ ಗಿಡ್ಡ ಮಾಡಬೇಕು.

8. ಟ್ಯಾಂಕಿನ ಸೇಫ್ಟಿ ವಾಲ್ವ್

ಇದು ಎಲ್ಲರಿಗೂ ಗೊತ್ತಿರುವುದೇ, ಆದರೂ ಸೋರುತ್ತದೆಂದು ಇದಕ್ಕೆ ಪ್ಲಗ್ ಹಾಕಿದವರಿದ್ದಾರೆ. ಪ್ರೆಶರ್ ಸ್ವಿಚ್ 8 ಬಾರಿಗೆ ಕಟ್ ಆಗುತ್ತಿದ್ದರೆ ಸೇಫ್ಟಿ ವಾಲ್ವ್ ಅದಕ್ಕಿಂತ ತುಸು ಮೇಲೆ, ಆದರೆ ಟ್ಯಾಂಕಿನ ಫಲಕದಲ್ಲಿ ಬರೆದ ಗರಿಷ್ಠ ಒತ್ತಡಕ್ಕಿಂತ ಕೆಳಗೆ ತೆರೆಯಬೇಕು. ಟ್ಯಾಂಕಿಗೂ ಅದಕ್ಕೂ ನಡುವೆ ಯಾವ ವಾಲ್ವೂ ಇರಬಾರದು. ವಾರಕ್ಕೊಮ್ಮೆ ರಿಂಗ್ ಎಳೆದು ನೋಡಿ. ಟ್ಯಾಂಕಿನ ಅಡಿಯ ನೀರು ದಿನವೂ ಬಿಡಿ. ಅಡಿಭಾಗ ತುಕ್ಕು ಹಿಡಿದು ತೆಳುವಾದರೆ ಸೇಫ್ಟಿ ವಾಲ್ವ್ ತೆರೆಯುವ ಮೊದಲೇ ಟ್ಯಾಂಕ್ ಒಡೆಯಬಹುದು. ಕಾರ್ಖಾನೆಗಳಲ್ಲಿ ರೂಢಿಯಲ್ಲಿರುವ ಕ್ರಮದಂತೆ 6 ತಿಂಗಳಿಗೊಮ್ಮೆ ಹೊರಗಿನಿಂದ, ವರ್ಷಕ್ಕೊಮ್ಮೆ ಒಳಗಿನಿಂದ ತಪಾಸಣೆ, 4 ವರ್ಷಕ್ಕೊಮ್ಮೆ ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡಿಸಿ. ಸಣ್ಣ ಗ್ಯಾರೇಜಿನವರೂ ಇದನ್ನು ಪಾಲಿಸಬೇಕು.

ಸಿಲಿಂಡರ್ ಗ್ಯಾಸ್ ಹಾಕಬೇಡಿ

ಕರೆಂಟ್ ಇಲ್ಲದಾಗ ವೆಲ್ಡಿಂಗ್ ಅಂಗಡಿಯವರು ಆಕ್ಸಿಜನ್ ಸಿಲಿಂಡರಿಗೆ ಗನ್ನು ಸೇರಿಸಿ ಧೂಳು ಹೊಡೆಯುವುದುಂಟು. ಇದನ್ನು ಯಾವ ವಾಲ್ವೂ ಸುರಕ್ಷಿತ ಮಾಡಲಾರದು. ಗನ್ನಿನೊಳಗಿನ ಎಣ್ಣೆಯ ಪಸೆಗೆ ಒತ್ತಡದ ಆಕ್ಸಿಜನ್ ತಗುಲಿದರೆ ಅಲ್ಲೇ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯ ಎಳೆಗಳಲ್ಲಿ ಆಕ್ಸಿಜನ್ ತುಂಬಿಕೊಂಡರೆ ಆಮೇಲೆ ಒಂದು ಕಿಡಿ ಬಿದ್ದರೂ ಬಟ್ಟೆ ಧಗ್ಗನೆ ಉರಿಯುತ್ತದೆ. ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್‌ಗಳಿಂದ ಬೆಂಕಿಯ ಭಯವಿಲ್ಲ, ಆದರೆ ಮುಚ್ಚಿದ ಕೋಣೆಯಲ್ಲಿ ಅವು ಉಸಿರಾಡುವ ಗಾಳಿಯನ್ನು ಹೊರತಳ್ಳುತ್ತವೆ.

ಮೈಗೆ ಗಾಳಿ ಹೊಕ್ಕರೆ

ಮೈಮೇಲಿನ ಧೂಳಿಗೆ ಬ್ರಷ್ ಅಥವಾ ವ್ಯಾಕ್ಯೂಮ್ ಬಳಸಿ. ಸುರಕ್ಷಿತ ನಾಜಲ್ ಇದ್ದರೂ ಬಟ್ಟೆಗೆ ಗನ್ನು ಹಿಡಿಯಬೇಡಿ. ಯಾರಿಗಾದರೂ ಚರ್ಮದೊಳಗೆ ಗಾಳಿ ಹೊಕ್ಕು ಊದಿಕೊಂಡರೆ, ಮುಟ್ಟಿದಾಗ ಚರ್ಮದಡಿ ಚರಚರ ಎಂದರೆ, ಹೊಟ್ಟೆ ಬಿಗಿದು ನೋವು ಬಂದರೆ, ಹೊರಗಿನ ಗಾಯ ಎಷ್ಟೇ ಸಣ್ಣದಿರಲಿ, ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಊದಿದ ಜಾಗವನ್ನು ಒತ್ತಿ ಗಾಳಿ ಬಿಡಿಸಲು ಹೋಗಬೇಡಿ, ಕುಡಿಯಲು ಏನನ್ನೂ ಕೊಡಬೇಡಿ. ‘ಕಂಪ್ರೆಸರ್ ಗಾಳಿ ಒಳಗೆ ಹೋಗಿದೆ, ಇಷ್ಟು ಬಾರ್ ಇತ್ತು’ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ನಾಚಿಕೆಗೋ ಕೇಸಿನ ಹೆದರಿಕೆಗೋ ‘ಬಿದ್ದು ಪೆಟ್ಟಾಯಿತು’ ಎಂದರೆ ಸರಿಯಾದ ಪರೀಕ್ಷೆ ತಡವಾಗುತ್ತದೆ, ಕರುಳು ಹರಿದಿದ್ದರೆ ಆ ತಡವೇ ಜೀವಕ್ಕೆ ಮುಳುವಾಗುತ್ತದೆ.